ಕೃಷ್ಣಾ-ಘಟಪ್ರಭೆಯರ ನಡುವಿನ ನೆಲದಲ್ಲಿ ಗೋವಿನಜೋಳ: ಕಸ ಹಾಗೂ ರೋಗಗಳ ನಿರ್ವಹಣೆ

ಆಕಾಶದಿಂದ ಬೀಳುವ ಮಳೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳು ಕರ್ನಾಟಕದ ಉತ್ತರ ಒಣವಲಯಕ್ಕೆ ಸೇರಿದ ಪ್ರದೇಶಗಳು. ಆದರೆ ಉತ್ತರದಲ್ಲಿ ಕೃಷ್ಣೆಯೂ ದಕ್ಷಿಣದಲ್ಲಿ ಘಟಪ್ರಭೆಯೂ ಹರಿದುಬಂದು ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಒಂದಾಗುವುದರಿಂದ, ಕಾಲುವೆ, ಏತ ನೀರಾವರಿ, ಬಾವಿ ಮತ್ತು ಕೊಳವೆಬಾವಿಗಳ ಮೂಲಕ ಇಲ್ಲಿನ ಕಪ್ಪು ನೆಲದ ಬಹುಭಾಗವು ಇಂದು ಸಮೃದ್ಧ ನೀರಾವರಿಯ ನೆಲವಾಗಿ ಪರಿಣಮಿಸಿದೆ. ಕಬ್ಬು ಇಲ್ಲಿಯ ರಾಜಬೆಳೆ. ಅದು ಹನ್ನೆರಡು ತಿಂಗಳು ಹೊಲವನ್ನು ಹಿಡಿದಿಟ್ಟುಕೊಳ್ಳುವುದಾದರೆ, ನೂರರಿಂದ ನೂರಿಪ್ಪತ್ತು ದಿನಗಳಲ್ಲಿ ಕೈಗೆ ಬಂದು, ಕಾಳನ್ನೂ ದನಗಳಿಗೆ ಕಣಿಕೆಯನ್ನೂ ಕೊಟ್ಟು, ಮುಂದಿನ ಬೆಳೆಗೆ ಹೊಲವನ್ನು ತೆರವು ಮಾಡಿಕೊಡುವ ಗೋವಿನಜೋಳವು ಕಬ್ಬಿನ ನಡುವಿನ ಅವಕಾಶದಲ್ಲಿಯೂ ಮಳೆಯಾಶ್ರಿತ ಹೊಲಗಳಲ್ಲಿಯೂ ಗೌರವದ ಸ್ಥಾನವನ್ನು ಪಡೆದಿರುವುದು ಸಹಜವೇ ಆಗಿದೆ.

ಆದರೆ ಈ ಬೆಳೆ ಸುಲಭವೆಂಬ ಭಾವನೆಯಿಂದ ಅದನ್ನು ಬಿತ್ತಿ, ಯೂರಿಯಾ ಎರಚಿ, ಎಲೆ ಒಣಗಿದಾಗ ಮಾತ್ರ ಔಷಧದಂಗಡಿಯ ಕಡೆಗೆ ಹೋಗುವ ರೂಢಿಯು ನಮ್ಮಲ್ಲಿ ಬೇರೂರುತ್ತಿರುವುದು ಚಿಂತಿಸಬೇಕಾದ ಸಂಗತಿ. ಗೋವಿನಜೋಳದ ಕಸವಾಗಲಿ ರೋಗವಾಗಲಿ ಆಕಸ್ಮಿಕವಾಗಿ ಬರುವಂಥವಲ್ಲ. ಹೊಲದಲ್ಲಿ ಹಿಂದೆ ಯಾವ ಬೆಳೆಯಿತ್ತು, ಬಿತ್ತನೆ ಯಾವ ಮಳೆಗೆ ಆಯಿತು, ನೀರು ಯಾವ ದಿನ ಬಂದಿತು ಮತ್ತು ಯಾವ ದಿನ ತಪ್ಪಿತು ಎಂಬ ಮೂರು ಪ್ರಶ್ನೆಗಳ ಉತ್ತರದಲ್ಲಿಯೇ ಅವುಗಳ ಮೂಲವು ಅಡಗಿರುತ್ತದೆ. ಆದುದರಿಂದ ಔಷಧದ ಹೆಸರಿಗಿಂತಲೂ ಮೊದಲು ಕಾಲವನ್ನು ತಿಳಿಯುವುದು ರೈತನಿಗೆ ಹೆಚ್ಚು ಲಾಭಕರವೆಂಬುದೇ ಈ ಲೇಖನದ ಮುಖ್ಯ ಅಭಿಪ್ರಾಯ.

ನೆಲ ಮತ್ತು ನೀರು

ಗೋವಿನಜೋಳಕ್ಕೆ ನೀರು ಬೇಕು, ಆದರೆ ನಿಂತ ನೀರು ಬೇಡ. ಮೊಣಕಾಲೆತ್ತರಕ್ಕೆ ಬರುವ ಮೊದಲಿನ ಎಳೆಯ ಪೈರು ಒಂದೆರಡು ದಿನ ನೀರಿನಲ್ಲಿ ನಿಂತರೂ ಬೇರುಗಳಿಗೆ ಗಾಳಿಯಿಲ್ಲದೆ ಹಳದಿಗೊಂಡು, ಆಮೇಲೆ ಎಷ್ಟು ಗೊಬ್ಬರ ಕೊಟ್ಟರೂ ಪೂರ್ಣವಾಗಿ ಚೇತರಿಸಿಕೊಳ್ಳಲಾರದು. ನಮ್ಮ ಎರೆಭೂಮಿ ನೀರನ್ನು ಬಹುಕಾಲ ಹಿಡಿದಿಡುವ ಗುಣವುಳ್ಳದ್ದಾದುದರಿಂದ, ಇಳಿಜಾರಿಗೆ ಅಡ್ಡಲಾಗಿ ಬೋದು-ಸಾಲು ಮಾಡಿ ಬೋದಿನ ಪಕ್ಕದಲ್ಲಿ ಬೀಜ ಊರುವುದು ಮತ್ತು ಹೊಲದ ತಗ್ಗಿನ ಮೂಲೆಯಿಂದ ಹೆಚ್ಚುವರಿ ನೀರು ಹೊರಹೋಗಲು ಬಸಿಗಾಲುವೆ ತೆಗೆಯುವುದು ಇಲ್ಲಿ ಅತ್ಯವಶ್ಯಕ.

1989ರಲ್ಲಿ ಜಮಖಂಡಿ ತಾಲೂಕಿನ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ವಂತಿಗೆ ಕೂಡಿಸಿ, ತಾವೇ ಬೆವರು ಸುರಿಸಿ, ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿ ನಿಲ್ಲಿಸಿದ ಸಾಹಸವನ್ನು ನಾಡೆಲ್ಲ ಬಲ್ಲದು. 'ಶ್ರಮಬಿಂದು ಸಾಗರ'ವೆಂದು ಹೆಸರಾದ ಆ ನೀರು ಈ ಭಾಗದ ಬದುಕನ್ನೇ ಬದಲಿಸಿತು. ಅಷ್ಟು ಕಷ್ಟದಿಂದ ತಂದ ನೀರನ್ನು ಮಿತವರಿಯದೆ ಹರಿಯಿಸಿದ ಕಡೆಗಳಲ್ಲಿ ಇಂದು ಹೊಲಗಳು ಸವುಳು-ಜವುಳಾಗಿ, ಮೇಲ್ಮಣ್ಣಿನಲ್ಲಿ ಬಿಳಿಯ ಉಪ್ಪು ಕಾಣಿಸಿಕೊಂಡಿರುವುದನ್ನೂ ನಾವು ನೋಡುತ್ತಿದ್ದೇವೆ. ಗೋವಿನಜೋಳವು ಲವಣವನ್ನು ಅಷ್ಟಾಗಿ ಸಹಿಸುವ ಬೆಳೆಯಲ್ಲ. ಸವುಳು ನೆಲದಲ್ಲಿ ಅದರ ಎಲೆಯಂಚು ಸುಟ್ಟಂತಾಗಿ ಬೆಳವಣಿಗೆ ಕುಂಠಿತವಾದಾಗ ಅದನ್ನು ರೋಗವೆಂದು ಭ್ರಮಿಸಿ ಔಷಧ ಸಿಂಪಡಿಸುವುದು ವ್ಯರ್ಥವ್ಯಯ. ಅಂಥ ಹೊಲದ ಮಣ್ಣನ್ನು ಮೊದಲು ಪರೀಕ್ಷೆಗೆ ಕೊಟ್ಟು, ನೀರು ಬಸಿಯುವ ವ್ಯವಸ್ಥೆಯನ್ನು ಮಾಡಿ, ಆ ಬಳಿಕವೇ ಈ ಬೆಳೆಯ ವಿಚಾರವನ್ನು ಮಾಡತಕ್ಕದ್ದು.

ನೀರಿನ ಅಗತ್ಯವು ಪರಾಕಾಷ್ಠೆಗೇರುವುದು ಸೂಲಂಗಿ ಹೊರಬಂದು ತೆನೆಯ ರೇಷ್ಮೆಯೆಳೆ ಕಾಣಿಸುವ ದಿನಗಳಲ್ಲಿ, ಎಂದರೆ ಬಿತ್ತಿದ 50ರಿಂದ 65 ದಿನಗಳ ನಡುವೆ. ಅನಂತರ ಕಾಳು ಹಾಲು ತುಂಬುವಾಗ. ಈ ಎರಡು ಘಟ್ಟಗಳಲ್ಲಿ ನೀರು ತಪ್ಪಿದರೆ ಇಳುವರಿ ಮಾತ್ರವೇ ಕುಸಿಯುವುದಿಲ್ಲ, ಮುಂದೆ ವಿವರಿಸಲಿರುವ ಕಾಂಡಕೊಳೆ ರೋಗಕ್ಕೂ ದಾರಿಯಾಗುತ್ತದೆ. ಕಾಲುವೆಯ ಸರದಿಯನ್ನು ಅವಲಂಬಿಸಿರುವವರು ತಮ್ಮ ಸರದಿಯ ದಿನಗಳನ್ನು ಲೆಕ್ಕಹಾಕಿ ಬಿತ್ತನೆಯ ದಿನವನ್ನು ನಿರ್ಧರಿಸುವುದು ಈ ಕಾರಣದಿಂದಲೇ ವಿವೇಕದ ಕೆಲಸ.

ಬೀಜ ಮತ್ತು ಬಿತ್ತನೆ

ಮುಂಗಾರಿನಲ್ಲಿ ಮೃಗಶಿರಾ ಮಳೆಯಿಂದ ಆರಂಭಿಸಿ ಜುಲೈ ಮಧ್ಯದೊಳಗೆ, ಹಿಂಗಾರಿನಲ್ಲಿ ನೀರಾವರಿಯಿದ್ದಲ್ಲಿ ಅಕ್ಟೋಬರ್ ತಿಂಗಳಲ್ಲಿ, ಬೇಸಿಗೆಗೆ ಜನವರಿಯಲ್ಲಿ ಬಿತ್ತನೆ ಮುಗಿಸುವುದು ಯೋಗ್ಯ. ಮುಂಗಾರಿನಲ್ಲಿ ತಡವಾದಷ್ಟೂ ಕೇದಿಗೆ ರೋಗದ ಮತ್ತು ಹುಳುವಿನ ಹಾವಳಿ ಹೆಚ್ಚು. ಇನ್ನೊಂದು ಮಾತು: ಒಂದೇ ಊರಿನಲ್ಲಿ ಒಬ್ಬರು ಜೂನಿನಲ್ಲಿ, ಮತ್ತೊಬ್ಬರು ಆಗಸ್ಟಿನಲ್ಲಿ ಬಿತ್ತಿದರೆ, ಮೊದಲ ಹೊಲದಲ್ಲಿ ವೃದ್ಧಿಯಾದ ರೋಗಾಣುಗಳೂ ಪತಂಗಗಳೂ ಎರಡನೆಯ ಹೊಲದ ಎಳೆಯ ಪೈರನ್ನು ಹುಡುಕಿಕೊಂಡು ಬರುತ್ತವೆ. ಬದುವಿನ ಆಚೀಚೆಯವರು ಮಾತನಾಡಿಕೊಂಡು ಹತ್ತು-ಹದಿನೈದು ದಿನಗಳ ಅಂತರದೊಳಗೆ ಬಿತ್ತನೆ ಮುಗಿಸುವುದು ಖರ್ಚಿಲ್ಲದ ಸಸ್ಯಸಂರಕ್ಷಣೆ.

ಭಾರತದಲ್ಲಿ ಗೋವಿನಜೋಳದ ಸಮನ್ವಿತ ಸಂಶೋಧನೆ 1957ರಲ್ಲಿ ಆರಂಭವಾಗಿ, 1961ರಲ್ಲಿ ಗಂಗಾ, ರಂಜಿತ್, ಡೆಕ್ಕನ್ ಮೊದಲಾದ ಪ್ರಥಮ ಸಂಕರಣ ತಳಿಗಳು ಹೊರಬಂದುವು. ಇಂದು ಅಂಗಡಿಗಳಲ್ಲಿ ಹತ್ತಾರು ಸಂಕರಣ ತಳಿಗಳು ದೊರೆಯುವುದರಿಂದ ಆಯ್ಕೆಯೇ ಒಂದು ಸಮಸ್ಯೆಯಾಗಿದೆ. ತೆನೆಯ ಚಿತ್ರವನ್ನು ನೋಡಿ ಬೀಜ ಕೊಳ್ಳುವುದಕ್ಕಿಂತ, ಎಲೆ ಅಂಗಮಾರಿ, ಕೇದಿಗೆ ರೋಗ, ಕಾಂಡಕೊಳೆ ಈ ಮೂರನ್ನು ತಡೆಯುವ ಶಕ್ತಿ ಅದಕ್ಕಿದೆಯೇ ಎಂಬುದನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರಿಂದಲೋ ಸಮೀಪದ ರೈತ ಸಂಪರ್ಕ ಕೇಂದ್ರದಿಂದಲೋ ಕೇಳಿ ತಿಳಿಯುವುದು ಲೇಸು. ಹೊಲ ದೊಡ್ಡದಿದ್ದವರು ಒಂದೇ ತಳಿಯನ್ನು ನೆಚ್ಚದಿರಲಿ. 1970ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಬಹುತೇಕ ಸಂಕರಣ ಬೀಜಗಳು ಒಂದೇ ವಿಧದ ತಾಯಿತಳಿಯ ಗುಣವನ್ನು ಹೊಂದಿದ್ದುದರಿಂದ, ಆ ಗುಣಕ್ಕೆ ಹೊಂದಿಕೊಂಡ ಅಂಗಮಾರಿ ಶಿಲೀಂಧ್ರದ ಒಂದು ಪ್ರಭೇದವು ಒಂದೇ ಹಂಗಾಮಿನಲ್ಲಿ ಆ ದೇಶದ ಬೆಳೆಯ ಸುಮಾರು ಶೇಕಡಾ 15ರಷ್ಟನ್ನು ಬಲಿತೆಗೆದುಕೊಂಡಿತು. ಏಕರೂಪತೆಯ ಅಪಾಯಕ್ಕೆ ಕೃಷಿಯ ಇತಿಹಾಸದಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ.

ಎಕರೆಗೆ ಸುಮಾರು 8 ಕಿಲೋ ಬೀಜ ಸಾಕು. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಅಂತರವಿಟ್ಟರೆ ಎಕರೆಗೆ 33 ಸಾವಿರದಷ್ಟು ಗಿಡಗಳು ನಿಲ್ಲುತ್ತವೆ. ಮೊಳಕೆಯಾದ ಹತ್ತು ದಿನಗಳಿಗೆ ಹೊಲದ ನಾಲ್ಕೈದು ಕಡೆ 5 ಮೀಟರ್ ಉದ್ದದ ಸಾಲನ್ನು ಅಳೆದು ಗಿಡಗಳನ್ನು ಎಣಿಸಿರಿ: 25ರ ಆಸುಪಾಸು ಇದ್ದರೆ ಬಿತ್ತನೆ ಸರಿಯಾಗಿದೆ, 35 ಇದ್ದರೆ ಹೆಚ್ಚಿನ ಗಿಡಗಳನ್ನು ಕಿತ್ತು ತೆಳುವು ಮಾಡಬೇಕು, ಏಕೆಂದರೆ ಒತ್ತೊತ್ತಾದ ಪೈರಿನೊಳಗೆ ಗಾಳಿಯಾಡದೆ ತೇವ ನಿಂತು ಎಲೆರೋಗಗಳಿಗೆ ಆಶ್ರಯವಾಗುತ್ತದೆ.

ಬೀಜೋಪಚಾರವಾಗಿರುವ ಬೀಜವೇ ಚೀಲದಲ್ಲಿ ಬರುವುದುಂಟು. ಅದಕ್ಕೆ ಏನನ್ನು ಲೇಪಿಸಿದೆ ಎಂಬುದನ್ನು ಚೀಟಿಯಲ್ಲಿ ಓದಬೇಕು. ಕೇದಿಗೆ ರೋಗ ಹಿಂದೆ ಕಂಡಿದ್ದ ಹೊಲವಾದರೆ ಮೆಟಲಾಕ್ಸಿಲ್ ಉಪಚಾರವಿಲ್ಲದ ಬೀಜವನ್ನು ಬಿತ್ತಬಾರದು. ಕಾಂಡಕೊಳೆಯ ಹೊಲವಾದರೆ ಒಂದು ಕಿಲೋ ಟ್ರೈಕೋಡರ್ಮಾವನ್ನು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ಒಂದು ವಾರ ತೇವವಾಗಿಟ್ಟು, ಎಕರೆಗೆ ಸಾಲಿನಲ್ಲಿ ಹಾಕುವುದು ಹಿತಕರ.

ಗೊಬ್ಬರದ ಪ್ರಮಾಣ

ನೀರಾವರಿಯ ಬೆಳೆಗೆ ಎಕರೆಗೆ 60 ಕಿಲೋ ಸಾರಜನಕ, 30 ಕಿಲೋ ರಂಜಕ, 15 ಕಿಲೋ ಪೊಟ್ಯಾಷ್ ಎಂಬ ಲೆಕ್ಕವನ್ನು ಹಿಡಿದರೆ, ಸುಮಾರು 65 ಕಿಲೋ ಡಿಎಪಿ, 105 ಕಿಲೋ ಯೂರಿಯಾ, 25 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಆಗುತ್ತದೆ. ಮಳೆಯಾಶ್ರಿತಕ್ಕೆ ಇದರ ಮೂರರಲ್ಲಿ ಎರಡು ಪಾಲು ಸಾಕು. ಡಿಎಪಿ ಮತ್ತು ಪೊಟ್ಯಾಷನ್ನು ಬಿತ್ತುವಾಗಲೇ ಕೊಟ್ಟು, ಯೂರಿಯಾವನ್ನು ಒಮ್ಮೆಗೇ ಸುರಿಯದೆ ಬಿತ್ತನೆಯ ಕಾಲದಲ್ಲಿ ಸ್ವಲ್ಪ, ಮೂವತ್ತನೆಯ ದಿನ ಎಡೆ ಹೊಡೆದು ಮಣ್ಣೇರಿಸುವಾಗ ಅರ್ಧ, ಸೂಲಂಗಿ ಬರುವ ಮುನ್ನ ಉಳಿದಷ್ಟು, ಹೀಗೆ ಹಂಚಿ ಕೊಡಬೇಕು. ಮಿತಿಮೀರಿದ ಯೂರಿಯಾದಿಂದ ಹೊಲ ಕಡುಹಸುರಾಗಿ ಕಣ್ಣಿಗೆ ಹಬ್ಬವಾಗಬಹುದು. ಆದರೆ ಆ ಮೃದುವಾದ ಎಲೆಕಾಂಡಗಳೇ ರೋಗಕ್ಕೂ ಹುಳುವಿಗೂ ಪ್ರಿಯವಾದ ಆಹಾರವಾಗುತ್ತವೆ. ಪೊಟ್ಯಾಷನ್ನು ಬಿಟ್ಟುಬಿಡುವವರಿಗೆ ಕಾಂಡದ ದೃಢತೆಯಿಲ್ಲದೆ ಬೆಳೆ ನೆಲಕ್ಕೊರಗುವ ಅನುಭವ ಆಗಿಯೇ ಇರುತ್ತದೆ.

ನಮ್ಮ ಸುಣ್ಣಾಂಶವುಳ್ಳ ಕಪ್ಪು ನೆಲದಲ್ಲಿ ಸತುವಿನ ಕೊರತೆ ಸಾಮಾನ್ಯ. ಎಳೆಯ ಎಲೆಯ ನಡುನರದ ಎರಡು ಪಕ್ಕಗಳಲ್ಲಿ ಬುಡದಿಂದ ಬಿಳಿಯ ಪಟ್ಟಿಗಳು ಕಾಣಿಸಿಕೊಂಡರೆ ಅದು ರೋಗವಲ್ಲ, ಸತುವಿನ ಅಭಾವ. ಎಕರೆಗೆ 10 ಕಿಲೋ ಸತುವಿನ ಸಲ್ಫೇಟನ್ನು ಬಿತ್ತನೆಗೆ ಮೊದಲು, ಡಿಎಪಿಯೊಡನೆ ಬೆರೆಸದೆ ಪ್ರತ್ಯೇಕವಾಗಿ ಮಣ್ಣಿಗೆ ಸೇರಿಸಬೇಕು. ನಿಂತ ಬೆಳೆಯಲ್ಲಿ ಕಂಡರೆ ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್ ಮತ್ತು 2.5 ಗ್ರಾಂ ಸುಣ್ಣ ಬೆರೆಸಿ ಸೋಸಿ ಸಿಂಪಡಿಸಬಹುದು. ಅಂತೆಯೇ ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತ ಬಂದರೆ ಸಾರಜನಕದ ಕೊರತೆ. ಅಂಚಿನ ಗುಂಟ ಸುಟ್ಟಂತಾದರೆ ಪೊಟ್ಯಾಷಿನ ಕೊರತೆ. ಈ ಚಿಹ್ನೆಗಳನ್ನು ಗುರುತಿಸಬಲ್ಲ ರೈತನಿಗೆ ಅನವಶ್ಯಕ ಔಷಧದ ಖರ್ಚು ತಾನಾಗಿ ಉಳಿಯುತ್ತದೆ.

ಕಸದ ನಿಯಂತ್ರಣ

ಗೋವಿನಜೋಳದ ಸಾಲುಗಳ ನಡುವಣ ಅಂತರ ಹೆಚ್ಚು, ಆರಂಭದ ಬೆಳವಣಿಗೆ ನಿಧಾನ. ಆದುದರಿಂದ ಮೊದಲಿನ ನಲವತ್ತೈದು ದಿನಗಳು, ಅವುಗಳಲ್ಲಿಯೂ ಎರಡನೆಯ ವಾರದಿಂದ ಆರನೆಯ ವಾರದವರೆಗಿನ ಅವಧಿಯು, ಬೆಳೆಯ ಮತ್ತು ಕಸದ ನಡುವಿನ ಹೋರಾಟದ ನಿರ್ಣಾಯಕ ಕಾಲ. ಈ ಕಾಲದಲ್ಲಿ ಹೊಲವನ್ನು ಶುಚಿಯಾಗಿಟ್ಟರೆ ಮುಂದೆ ಬೆಳೆಯ ನೆರಳೇ ಕಸವನ್ನು ಅಡಗಿಸುತ್ತದೆ. ಅರವತ್ತನೆಯ ದಿನ ಆಳುಗಳನ್ನಿಟ್ಟು ತೆಗೆಯಿಸಿದ ಕಸದಿಂದ ಹೊಲ ಚೆಂದ ಕಾಣಬಹುದೇ ಹೊರತು, ಕಳೆದುಹೋದ ಇಳುವರಿ ಮರಳಿ ಬರುವುದಿಲ್ಲ.

ನಮ್ಮ ಹೊಲಗಳಲ್ಲಿ ಕಾಣುವ ಕಸಗಳು ಮೂರು ಬಗೆಯವು: ಕರಿಕೆ ಮೊದಲಾದ ಹುಲ್ಲಿನ ಜಾತಿ, ನೆಲದೊಳಗೆ ಗಡ್ಡೆಗಳ ಮಾಲೆಯನ್ನೇ ಹೆಣೆಯುವ ಜೇಕು, ಅಗಲ ಎಲೆಯ ಕಾಂಗ್ರೆಸ್ ಕಸ, ಕನ್ನೆಸೊಪ್ಪು, ನೆಗ್ಗಿಲು, ಕಾಡುಹರಿವೆ ಮುಂತಾದುವು. ಕರಿಕೆ-ಜೇಕುಗಳನ್ನು ನಿಂತ ಬೆಳೆಯಲ್ಲಿ ಗೆಲ್ಲುವುದು ಕಷ್ಟ. ಬೇಸಿಗೆಯಲ್ಲಿ ಆಳವಾಗಿ ಮಾಗಿ ಉಳುಮೆ ಮಾಡಿ, ಮೇಲೆ ಬಂದ ಬೇರು-ಗಡ್ಡೆಗಳನ್ನು ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ಒಣಗಿಸಿ, ಹರಗಿ ಆರಿಸಿ ತೆಗೆಯುವುದೇ ಅವಕ್ಕೆ ಸರಿಯಾದ ಉಪಾಯ. ಮೊದಲ ಮಳೆಗೆ ಹುಟ್ಟಿದ ಕಸವನ್ನು ಒಮ್ಮೆ ಕುಂಟೆಯಿಂದ ಹರಗಿ, ಆ ಬಳಿಕ ಬಿತ್ತಿದರೆ ಅರ್ಧ ಹೋರಾಟ ಬಿತ್ತನೆಗೆ ಮೊದಲೇ ಮುಗಿದಂತೆ.

ಬಿತ್ತಿದ ಇಪ್ಪತ್ತನೆಯ ದಿನಕ್ಕೊಮ್ಮೆ ಎಡೆಕುಂಟೆ ಹೊಡೆದು, ಸಾಲಿನೊಳಗಿನ ಕಸವನ್ನು ಕೈಯಿಂದ ತೆಗೆದು, ಮೂವತ್ತು-ಮೂವತ್ತೈದನೆಯ ದಿನ ಬುಡಕ್ಕೆ ಮಣ್ಣೇರಿಸುವ ಹಳೆಯ ಕ್ರಮಕ್ಕೆ ಸಮನಾದುದು ಇನ್ನೊಂದಿಲ್ಲ. ಅದು ಕಸ ತೆಗೆಯುವುದಲ್ಲದೆ ಮಣ್ಣನ್ನು ಸಡಿಲಗೊಳಿಸಿ, ಎರೆಯ ಬಿರುಕುಗಳನ್ನು ಮುಚ್ಚಿ ತೇವವನ್ನೂ ಕಾಪಾಡುತ್ತದೆ. ಆದರೆ ಆಳುಗಳ ಅಭಾವವಿರುವ, ಎಡೆಬಿಡದೆ ಮಳೆ ಹಿಡಿಯುವ ದಿನಗಳಲ್ಲಿ ಕಳೆನಾಶಕದ ಸಹಾಯ ಅನಿವಾರ್ಯವಾಗಬಹುದು.

ಬಿತ್ತಿದ ಮೂರು ದಿನಗಳೊಳಗೆ, ಕಸ ಹುಟ್ಟುವ ಮೊದಲೇ, ಶೇಕಡಾ 50ರ ಅಟ್ರಾಜಿನ್ ಪುಡಿಯನ್ನು ಹಗುರ ಮಣ್ಣಿಗೆ ಎಕರೆಗೆ 400ರಿಂದ 500 ಗ್ರಾಂ, ಭಾರವಾದ ಎರೆಮಣ್ಣಿಗೆ 800 ಗ್ರಾಂವರೆಗೆ, 200ರಿಂದ 300 ಲೀಟರ್ ನೀರಿನಲ್ಲಿ ಬೆರೆಸಿ ಸಿಂಪಡಿಸುವುದು ರೂಢಿ. ಈ ಔಷಧವು ಮುಖ್ಯವಾಗಿ ಬೇರಿನ ಮೂಲಕ ಕಸದ ಒಳಹೊಕ್ಕು, ಎಲೆಯು ಬೆಳಕಿನಿಂದ ಆಹಾರ ತಯಾರಿಸುವ ಕ್ರಿಯೆಯನ್ನೇ ನಿಲ್ಲಿಸುತ್ತದೆ. ಗೋವಿನಜೋಳಕ್ಕೆ ಅದನ್ನು ತನ್ನೊಳಗೇ ನಿರ್ವಿಷಗೊಳಿಸುವ ಸಾಮರ್ಥ್ಯವಿರುವುದರಿಂದ ಅದಕ್ಕೆ ಬಾಧೆಯಿಲ್ಲ. ಈ ರಹಸ್ಯವನ್ನು ತಿಳಿದರೆ ಮೂರು ನಿಯಮಗಳು ತಾವಾಗಿ ಸ್ಪಷ್ಟವಾಗುತ್ತವೆ. ಮಣ್ಣಿನಲ್ಲಿ ತೇವವಿಲ್ಲದಿದ್ದರೆ ಔಷಧ ಬೇರನ್ನು ತಲುಪದು; ಹೆಂಟೆಗಳಿರುವ ಹೊಲದಲ್ಲಿ ಹೆಂಟೆಯ ಕೆಳಗಿನ ಬೀಜ ತಪ್ಪಿಸಿಕೊಳ್ಳುತ್ತದೆ; ಸಿಂಪಡಿಸಿದ ನೆಲವನ್ನು ಮತ್ತೆ ತುಳಿದರೆ ಮೇಲಿನ ಔಷಧದ ಪದರ ಒಡೆಯುವುದರಿಂದ ಹಿಂದಕ್ಕೆ ಹೆಜ್ಜೆಯಿಡುತ್ತ ಸಿಂಪಡಿಸಬೇಕು. ಗೋವಿನಜೋಳದೊಡನೆ ತೊಗರಿ, ಅಲಸಂದಿ, ಸೋಯಾ ಅವರೆಯಂಥ ದ್ವಿದಳ ಬೆಳೆಗಳನ್ನು ಸೇರಿಸಿ ಬಿತ್ತಿದ್ದರೆ ಅಟ್ರಾಜಿನ್ ಸರ್ವಥಾ ಸಲ್ಲದು; ಅಲ್ಲಿ ಶೇಕಡಾ 30ರ ಪೆಂಡಿಮೆಥಾಲಿನ್ ಎಕರೆಗೆ ಒಂದು ಲೀಟರಿನಂತೆ ಬಳಸಬಹುದು. ಗೋವಿನಜೋಳದ ಹಿಂದೆಯೇ ಉಳ್ಳಾಗಡ್ಡಿ ಅಥವಾ ತರಕಾರಿ ಹಚ್ಚುವವರು ಅಟ್ರಾಜಿನ್ನಿನ ಶೇಷಾಂಶವು ಮಣ್ಣಿನಲ್ಲಿ ಉಳಿಯುವುದೆಂಬುದನ್ನು ಮರೆಯದಿರಲಿ.

ಬಿತ್ತಿದ ಮೂರು ದಿನಗಳೊಳಗಿನ ಆ ಅವಕಾಶ ತಪ್ಪಿಹೋದರೆ, ಹದಿನೈದರಿಂದ ಇಪ್ಪತ್ತು ದಿನಗಳ ಬೆಳೆಯಲ್ಲಿ, ಕಸವು ಎರಡರಿಂದ ನಾಲ್ಕು ಎಲೆಗಳ ಹಂತದಲ್ಲಿರುವಾಗ, ಶೇಕಡಾ 34.4ರ ಟೆಂಬೋಟ್ರಿಯೋನ್ ಎಕರೆಗೆ 115 ಮಿಲಿ ಅಥವಾ ಶೇಕಡಾ 33.6ರ ಟೋಪ್ರಾಮೆಜೋನ್ ಎಕರೆಗೆ 30 ಮಿಲಿಯನ್ನು, ಡಬ್ಬಿಯೊಡನೆ ಸೂಚಿಸಿರುವ ಅಂಟುದ್ರವದ ಸಹಿತ ಸಿಂಪಡಿಸಬಹುದು. ಜೇಕು ವಿಪರೀತವಾಗಿದ್ದರೆ ಶೇಕಡಾ 75ರ ಹ್ಯಾಲೋಸಲ್ಫ್ಯೂರಾನ್ ಮೀಥೈಲ್ ಎಕರೆಗೆ 36 ಗ್ರಾಂ ಉಪಯುಕ್ತ. ಅಗಲ ಎಲೆಯ ಕಸಕ್ಕೆ ಬಳಸುವ 2,4-ಡಿ ಅಗ್ಗವಾದರೂ, ಅದರ ಹನಿ ಗಾಳಿಗೆ ಹಾರಿ ನೆರೆಹೊಲದ ಹತ್ತಿ, ದ್ರಾಕ್ಷಿ, ತರಕಾರಿಗಳ ಎಲೆಯನ್ನು ಮುರುಟಿಸುವುದರಿಂದ, ನಮ್ಮಂಥ ಮಿಶ್ರಬೆಳೆಯ ಸೀಮೆಯಲ್ಲಿ ಅದರ ವಿಷಯದಲ್ಲಿ ಅತ್ಯಂತ ಎಚ್ಚರ ಅಗತ್ಯ. ಗ್ಲೈಫೋಸೇಟು ಕಸದೊಡನೆ ಗೋವಿನಜೋಳವನ್ನೂ ಕೊಲ್ಲುವುದು. ನಿಂತ ಬೆಳೆಯಲ್ಲಿ ಅದನ್ನು ಮುಟ್ಟಲೂಬಾರದು.

ಬೇರಿನ ಮೇಲೆಯೇ ಬದುಕುವ ಸ್ಟ್ರೈಗಾ ಎಂಬ ಪರಾವಲಂಬಿ ಕಸದ ಬಗೆಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಜೋಳ, ಕಬ್ಬು, ಗೋವಿನಜೋಳ ಮೂರಕ್ಕೂ ಅದು ಶತ್ರು. ನೆಲದ ಮೇಲೆ ಅದರ ಸಣ್ಣ ಹೂಗಳು ಕಾಣುವ ಹೊತ್ತಿಗೆ ನೆಲದೊಳಗೆ ಅದು ಬೆಳೆಯ ಬೇರಿನ ಸಾರವನ್ನು ವಾರಗಟ್ಟಲೆ ಹೀರಿ ಮುಗಿಸಿರುತ್ತದೆ. ನೀರಿದ್ದರೂ ಗಿಡ ಬಾಡಿದಂತಿರುವುದು ಅದರ ಮುನ್ಸೂಚನೆ. ಒಂದೊಂದು ಗಿಡ ಸಾವಿರಾರು ಧೂಳಿನಂಥ ಬೀಜಗಳನ್ನು ಉದುರಿಸಿ, ಆ ಬೀಜಗಳು ಹತ್ತು ವರ್ಷಕ್ಕೂ ಮೇಲ್ಪಟ್ಟು ಮಣ್ಣಿನಲ್ಲಿ ಜೀವಂತವಾಗಿರಬಲ್ಲವಾದುದರಿಂದ, ಹೂಬಿಡುವ ಮೊದಲೇ ಕಿತ್ತು ಸುಡಬೇಕು. ಹತ್ತಿ, ಅಲಸಂದಿ, ಶೇಂಗಾ ಮೊದಲಾದ ಬೆಳೆಗಳ ಬೇರು ಸ್ರವಿಸುವ ರಸದಿಂದ ಸ್ಟ್ರೈಗಾ ಬೀಜ ಮೊಳೆತರೂ ಆ ಬೇರಿನ ಮೇಲೆ ಬದುಕಲಾರದೆ ಸಾಯುತ್ತದೆ. ಅಂಥ ಬೆಳೆಗಳ ಸರದಿಯೇ ಅದಕ್ಕೆ ಶಾಶ್ವತ ಪರಿಹಾರ.

ರೋಗಗಳ ಪರಿಚಯ ಮತ್ತು ಉಪಚಾರ

ಎಲೆ ಅಂಗಮಾರಿಯು ಮೋಡ ಕವಿದ, ತಂಪಾದ, ಎಲೆಯ ಮೇಲೆ ಇಬ್ಬನಿ ಬಹುಹೊತ್ತು ನಿಲ್ಲುವ ದಿನಗಳ ರೋಗ. ಕೆಳಗಿನ ಎಲೆಗಳ ಮೇಲೆ ಎರಡು ತುದಿಗಳಲ್ಲಿ ಚೂಪಾದ, ನಡುವೆ ಅಗಲವಾದ, ಬೂದು-ಕಂದು ಬಣ್ಣದ, ಬೆರಳುದ್ದದ ಮಚ್ಚೆಗಳು ಮೊದಲು ಕಾಣಿಸಿಕೊಂಡು, ಕ್ರಮೇಣ ಒಂದಕ್ಕೊಂದು ಕೂಡಿ ಮೇಲಕ್ಕೇರುತ್ತವೆ. ತೆನೆಯ ಬುಡದ ಎಲೆ ಮತ್ತು ಅದರ ಮೇಲಿನ ಎಲೆಗಳೇ ಕಾಳಿಗೆ ಬಹುಪಾಲು ಆಹಾರವನ್ನು ಒದಗಿಸುವುದರಿಂದ, ರೇಷ್ಮೆಯೆಳೆ ಹೊರಬರುವ ಮೊದಲು ರೋಗ ಆ ಎಲೆಗಳನ್ನು ಮುಟ್ಟಿದರೆ ನಷ್ಟ ಅಪಾರ. ಕಾಳು ಗಟ್ಟಿಯಾದ ಮೇಲೆ ಮುಟ್ಟಿದರೆ ಸಿಂಪಡಣೆಯ ಖರ್ಚು ದಂಡ. ಮ್ಯಾಂಕೋಜೆಬ್ ಎಲೆಯ ಮೇಲ್ಮೈಯಲ್ಲಿ ನಿಂತು ಹೊಸ ಸೋಂಕನ್ನು ತಡೆಯುವ ಔಷಧವೇ ಹೊರತು ಒಳಹೊಕ್ಕ ರೋಗವನ್ನು ಗುಣಪಡಿಸುವಂಥದಲ್ಲ. ಆದುದರಿಂದ ಕೆಳಗಿನ ಎಲೆಗಳಲ್ಲಿ ಮೊದಲ ಮಚ್ಚೆ ಕಂಡೊಡನೆಯೇ ಲೀಟರ್ ನೀರಿಗೆ 2.5 ಗ್ರಾಂ ಬೆರೆಸಿ ಸಿಂಪಡಿಸಿ, ಹವೆ ಹಾಗೆಯೇ ಮುಂದುವರಿದರೆ ಹತ್ತು-ಹನ್ನೆರಡು ದಿನಗಳಲ್ಲಿ ಪುನಃ ಸಿಂಪಡಿಸಬೇಕು. ರೋಗ ಬಲವಾಗಿದ್ದರೆ ಅಝಾಕ್ಸಿಸ್ಟ್ರೋಬಿನ್ ಮತ್ತು ಡೈಫೆನ್‌ಕೊನಜೋಲ್ ಕೂಡಿದ ಔಷಧವನ್ನು ಲೀಟರಿಗೆ ಒಂದು ಮಿಲಿಯಂತೆ ಬಳಸಬಹುದು. ಎಲೆಯ ಎರಡೂ ಮೈಗಳಲ್ಲಿ ಉಬ್ಬಿದ ಇಟ್ಟಿಗೆ ಬಣ್ಣದ ಪುಡಿಗುಳ್ಳೆಗಳು ಕಂಡು, ಬೆರಳಿನಿಂದ ಉಜ್ಜಿದಾಗ ಪುಡಿ ಹತ್ತಿದರೆ ಅದು ತುಕ್ಕುರೋಗ. ಅದಕ್ಕೂ ಮ್ಯಾಂಕೋಜೆಬ್, ಇಲ್ಲವೆ ಲೀಟರಿಗೆ ಒಂದು ಮಿಲಿ ಹೆಕ್ಸಾಕೊನಜೋಲ್ ಪರಿಣಾಮಕಾರಿ.

ಕೇದಿಗೆ ರೋಗವನ್ನು ಗುರುತಿಸಲು ನಸುಕಿನಲ್ಲಿಯೇ ಹೊಲಕ್ಕೆ ಹೋಗಬೇಕು. ಎಲೆಗಳು ಕಿರಿದಾಗಿ, ನೆಟ್ಟಗೆ ನಿಂತು, ತಿಳಿಹಳದಿಯ ಉದ್ದ ಪಟ್ಟಿಗಳಿಂದ ಕೂಡಿರುವ ಗಿಡದ ಎಲೆಯನ್ನು ಮಗುಚಿ ನೋಡಿದರೆ, ಬಿಸಿಲೇರುವ ಮೊದಲು ಅದರ ಕೆಳಮೈಯಲ್ಲಿ ಹಿಟ್ಟು ಉದುರಿಸಿದಂತೆ ಬಿಳಿಯ ಬೂಜು ಹರಡಿರುತ್ತದೆ. ಹತ್ತು ಗಂಟೆಯ ಬಿಸಿಲಿಗೆ ಅದು ಮಾಯವಾಗುವುದರಿಂದ ಮಧ್ಯಾಹ್ನ ಬಂದು ನೋಡಿದವನು ಅದನ್ನು ಕಾಣಲಾರ. ಮುಂದೆ ಆ ಗಿಡದ ಸೂಲಂಗಿಯು ಎಲೆಗಳ ಗೊಂಚಲಾಗಿ ಮಾರ್ಪಟ್ಟು ತೆನೆ ಬರಡಾಗುತ್ತದೆ. ಅಂಥ ಗಿಡಗಳನ್ನು ಎಳೆಯದರಲ್ಲಿಯೇ ಕಿತ್ತು ಹೊಲದಾಚೆ ಹೂಳಬೇಕು ಅಥವಾ ಸುಡಬೇಕು; ಬಿಟ್ಟರೆ ಅದರ ದೀರ್ಘಾಯುಷಿ ಬೀಜಾಣುಗಳು ಮಣ್ಣು ಸೇರಿ ವರ್ಷಗಟ್ಟಲೆ ಉಳಿಯುತ್ತವೆ. ಈ ರೋಗಾಣುವು ನಮ್ಮ ಜೋಳವನ್ನೂ ಆಶ್ರಯಿಸುವುದರಿಂದ, ರೋಗ ಕಂಡ ಹೊಲದಲ್ಲಿ ಜೋಳದ ಹಿಂದೆ ಗೋವಿನಜೋಳ, ಗೋವಿನಜೋಳದ ಹಿಂದೆ ಜೋಳ ಎಂಬ ಸರದಿಯು ರೋಗಕ್ಕೆ ಆಹ್ವಾನವಿತ್ತಂತೆ.

ಹೂಬಿಟ್ಟ ಬಳಿಕ ಕಾಣುವ ಕಾಂಡಕೊಳೆ ನಮ್ಮ ಬಿಸಿಲುಸೀಮೆಯ ಅತಿ ಘಾತುಕ ರೋಗ. ಹೊರನೋಟಕ್ಕೆ ಬೆಳೆ ಬೇಗ ಮಾಗಿದಂತೆ ಒಣಗುತ್ತದೆ; ತೆನೆಗಳು ಜೋತುಬೀಳುತ್ತವೆ; ರಾಶಿಯ ಕಾಲಕ್ಕೆ ಕಾಳು ಜೊಳ್ಳಾಗಿರುತ್ತದೆ. ಅಂಥ ಗಿಡದ ಬುಡದ ಎರಡನೆಯ ಗೆಣ್ಣನ್ನು ಬೆರಳುಗಳಿಂದ ಹಿಚುಕಿದರೆ ಅದು ಪೊಳ್ಳಾಗಿ ಅಮರುತ್ತದೆ. ಕುಡುಗೋಲಿನಿಂದ ಉದ್ದಕ್ಕೆ ಸೀಳಿ ನೋಡಿದರೆ, ಒಳಗಿನ ಬೆಂಡು ಕರಗಿ ನಾರುಗಳಷ್ಟೇ ಉಳಿದು, ಆ ನಾರುಗಳ ಮೇಲೆ ಇದ್ದಿಲ ಪುಡಿ ಚೆಲ್ಲಿದಂತೆ ಕಪ್ಪು ಕಣಗಳು ಕಾಣುತ್ತವೆ. ಈ ಕಣಗಳೇ ಮುಂದಿನ ಹಂಗಾಮಿನ ಬೀಜ. ಹಿಂಗಾರಿ ಜೋಳ, ಕಡಲೆ ಸೇರಿದಂತೆ ನೂರಾರು ಸಸ್ಯಗಳನ್ನು ಈ ಶಿಲೀಂಧ್ರವು ಆಕ್ರಮಿಸಬಲ್ಲುದಾದುದರಿಂದ ಬೆಳೆ ಬದಲಾವಣೆಯೊಂದರಿಂದಲೇ ಪಾರಾಗುವಂತಿಲ್ಲ. ಕಾಂಡ ಕೊಳೆತ ಮೇಲೆ ಯಾವ ಸಿಂಪಡಣೆಯೂ ಫಲಿಸದು. ಉಷ್ಣ ಹೆಚ್ಚಿ ಮಣ್ಣು ಒಣಗಿದಾಗ, ಹೂಬಿಟ್ಟು ಕಾಳು ಕಟ್ಟುವ ಗಿಡ ತನ್ನ ಕಾಂಡದ ಸಂಗ್ರಹವನ್ನೆಲ್ಲ ತೆನೆಗೆ ಸಾಗಿಸಿ ದುರ್ಬಲವಾದ ಗಳಿಗೆಯಲ್ಲಿ ರೋಗವು ಮೇಲುಗೈ ಸಾಧಿಸುತ್ತದೆ. ಆದ ಕಾರಣ ಸೂಲಂಗಿಯಿಂದ ಕಾಳು ಗಟ್ಟಿಯಾಗುವವರೆಗೆ ಮಣ್ಣಿನ ತೇವವನ್ನು ಕಾಯುವುದು, ಗಿಡಗಳ ಸಂಖ್ಯೆಯನ್ನು ಮಿತಿಯಲ್ಲಿಡುವುದು, ಪೊಟ್ಯಾಷನ್ನು ಬಿಡದಿರುವುದು, ಬಿತ್ತನೆಯಲ್ಲಿಯೇ ಟ್ರೈಕೋಡರ್ಮಾ ಕೊಡುವುದು ಇವೇ ಇದಕ್ಕೆ ಮದ್ದು.

ಇದಕ್ಕೆ ತೀರ ವಿರುದ್ಧವಾಗಿ, ನೀರು ನಿಂತ ಹೊಲದಲ್ಲಿ, ಹೂಬಿಡುವ ಮುನ್ನವೇ ಸುಳಿ ಬಾಡಿ, ಬುಡದ ಗೆಣ್ಣು ಮೆತ್ತಗಾಗಿ, ಹುಳಿತ ದುರ್ವಾಸನೆ ಬಂದರೆ ಅದು ದುಂಡಾಣು ಕಾಂಡಕೊಳೆ. ನೀರನ್ನು ಬಸಿದು, ಬಾಧಿತ ಗಿಡಗಳನ್ನು ತೆಗೆದು, ಕೆಲವು ದಿನ ನೀರು ಹಾಗೂ ಯೂರಿಯಾ ಎರಡನ್ನೂ ತಡೆಯುವುದೇ ಇದರ ಉಪಚಾರ. ಒಂದೇ ಬೆಳೆಯ ಒಂದೇ ಕಾಂಡ ನೀರಿಲ್ಲದೆಯೂ ಕೊಳೆಯುತ್ತದೆ, ನೀರು ಹೆಚ್ಚಾಗಿಯೂ ಕೊಳೆಯುತ್ತದೆ. ಸೀಳಿ ನೋಡದೆ ನಿರ್ಣಯಿಸಿದವನು ಒಂದಕ್ಕೆ ಮಾಡಬೇಕಾದುದನ್ನು ಇನ್ನೊಂದಕ್ಕೆ ಮಾಡಿ ಹಾನಿಯನ್ನು ಇಮ್ಮಡಿಸಿಕೊಳ್ಳುತ್ತಾನೆ.

ಸೈನಿಕ ಹುಳುವಿನ ಬಾಧೆ

ಅಮೆರಿಕ ಖಂಡದ ಮೂಲನಿವಾಸಿಯಾದ ಫಾಲ್ ಸೈನಿಕ ಹುಳುವು ಭಾರತದಲ್ಲಿ ಮೊಟ್ಟಮೊದಲು 2018ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗದ ಗೋವಿನಜೋಳದ ಹೊಲಗಳಲ್ಲಿ ಪತ್ತೆಯಾಗಿ, ಅಲ್ಪಕಾಲದಲ್ಲಿಯೇ ದೇಶವನ್ನೆಲ್ಲ ವ್ಯಾಪಿಸಿತು. ಸುಳಿಯನ್ನು ಬಿಡಿಸಿ ನೋಡಿದಾಗ ಗರಗಸದ ಪುಡಿಯಂಥ ಹಿಕ್ಕೆಯ ನಡುವೆ ಅಡಗಿರುವ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದ ಗುರುತೂ, ಬಾಲದ ಹತ್ತಿರ ಚೌಕಾಕಾರದ ನಾಲ್ಕು ಕಪ್ಪು ಚುಕ್ಕೆಗಳೂ ಕಂಡರೆ ಸಂದೇಹವೇ ಬೇಡ. ಬಿತ್ತಿದ ಹತ್ತನೆಯ ದಿನದಿಂದ ವಾರಕ್ಕೆರಡು ಬಾರಿ ಹೊಲ ಸುತ್ತಿ, ಎಲೆಯ ಮೇಲೆ ಕಿಟಕಿಯಂಥ ಪಾರದರ್ಶಕ ಕಲೆಗಳಿವೆಯೇ ಎಂದು ನೋಡಬೇಕು. ಹುಳು ಚಿಕ್ಕದಿರುವ ಆ ಹಂತದಲ್ಲಿ ಬೇವಿನ ಔಷಧವೂ, ಮೆಟಾರೈಜಿಯಂ ರಿಲೇಯಿ ಶಿಲೀಂಧ್ರದ ಪುಡಿಯೂ ಕೆಲಸ ಮಾಡುತ್ತವೆ. ಹಾವಳಿ ಹೆಚ್ಚಿದರೆ ಶೇಕಡಾ 5ರ ಎಮಾಮೆಕ್ಟಿನ್ ಬೆಂಜೋಯೇಟ್ ಲೀಟರಿಗೆ 0.4 ಗ್ರಾಂ ಅಥವಾ ಸ್ಪಿನೆಟೋರಾಂ 0.5 ಮಿಲಿಯನ್ನು, ದ್ರಾವಣ ಸುಳಿಯೊಳಗೆ ಇಳಿಯುವಂತೆ, ಮುಂಜಾನೆ ಇಲ್ಲವೆ ಸಂಜೆ ಸಿಂಪಡಿಸಬೇಕು.

ಬೆಳೆದ ಹುಳುಗಳಿಗೆ 10 ಕಿಲೋ ಅಕ್ಕಿತೌಡನ್ನು 2 ಕಿಲೋ ಬೆಲ್ಲದ ನೀರಿನಲ್ಲಿ ಕಲಸಿ ಒಂದು ದಿನ ಹುಳಿಯಿಸಿ, ಹಾಕುವ ಅರ್ಧಗಂಟೆ ಮುಂಚೆ 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಎಕರೆಯ ಗಿಡಗಳ ಸುಳಿಗೆ ಚಿಟಿಕೆಯಷ್ಟು ಹಾಕುವ ಕ್ರಮವಿದೆ. ಇದು ತೀವ್ರ ವಿಷ. ಬೆಲ್ಲದ ವಾಸನೆಗೆ ದನಕರುಗಳೂ ನಾಯಿಗಳೂ ಆಕರ್ಷಿತವಾಗುವುದರಿಂದ ಉಳಿದುದನ್ನು ಹೊಲದಲ್ಲಿ ಬಿಡಬಾರದು, ಕೈಗವಸಿಲ್ಲದೆ ಮುಟ್ಟಬಾರದು. ಯಾವ ಔಷಧ ಹೊಡೆದ ಹಸಿ ಮೇವನ್ನೂ ಡಬ್ಬಿಯ ಮೇಲೆ ಹೇಳಿರುವ ಅವಧಿ ಕಳೆಯುವವರೆಗೆ ದನಗಳಿಗೆ ಹಾಕಬಾರದೆಂಬುದನ್ನು ಮನೆಯ ಎಲ್ಲರೂ ತಿಳಿದಿರುವುದು ಕ್ಷೇಮ.

ರಾಶಿ ಮತ್ತು ಮುಂದಿನ ಬೆಳೆಯ ವಿಚಾರ

ತೆನೆಯ ಹೊದಿಕೆ ಒಣಗಿ ಬಿಳಿಚಿಕೊಂಡು, ಕಾಳನ್ನು ಬಿಡಿಸಿ ನೋಡಿದಾಗ ಅದರ ಬುಡದಲ್ಲಿ ಕಪ್ಪು ಪದರ ಕಂಡರೆ ಬೆಳೆ ಮಾಗಿದೆಯೆಂದು ತಿಳಿಯಬೇಕು. ಹಸಿ ತೆನೆಯನ್ನು ರಾಶಿಹಾಕಿ ಮಳೆಗೆ ನೆನೆಯಬಿಟ್ಟರೆ ಹಸುರು-ಹಳದಿ ಬೂಷ್ಟು ಬೆಳೆದು, ಅದು ಉತ್ಪಾದಿಸುವ ಅಫ್ಲಾಟಾಕ್ಸಿನ್ ಎಂಬ ವಿಷವು ಕೋಳಿ, ದನಗಳಿಗೂ ಹಾಲಿನ ಮೂಲಕ ಮಕ್ಕಳಿಗೂ ಅಪಾಯವನ್ನು ತರುತ್ತದೆ. ಆದುದರಿಂದ ಬೂಷ್ಟು ಹಿಡಿದ ತೆನೆಗಳನ್ನು ಆರಿಸಿ ಬೇರ್ಪಡಿಸಿ, ಕಾಳನ್ನು ತಾಡಪತ್ರಿಯ ಮೇಲೆ ಒಣಗಿಸಿ, ತೇವ ಶೇಕಡಾ 12ರ ಮಟ್ಟಕ್ಕೆ ಇಳಿದ ಬಳಿಕವೇ ಚೀಲಕ್ಕೆ ತುಂಬಬೇಕು. ಮಾರುಕಟ್ಟೆಯಲ್ಲಿ ದರ ಕಡಿಯುವುದಕ್ಕೆ ಮೊದಲ ನೆಪವಾಗುವುದೂ ತೇವವೇ.

ರಾಶಿಯಾದ ದಿನವೇ ಮುಂದಿನ ಗೋವಿನಜೋಳದ ಆರೋಗ್ಯವು ನಿರ್ಣಯವಾಗತೊಡಗುತ್ತದೆ. ಅಂಗಮಾರಿಯಿಂದ ಒಣಗಿದ ಎಲೆಯೂ ಕಾಂಡಕೊಳೆಯ ದಂಟೂ ಹೊಲದಲ್ಲಿ ಬಿದ್ದಿದ್ದರೆ ರೋಗವೂ ಅಲ್ಲಿಯೇ ಉಳಿಯುತ್ತದೆ. ಮೇವಿಗೆ ಯೋಗ್ಯವಾದ ಕಣಿಕೆಯನ್ನು ಕತ್ತರಿಸಿ ಬಣವೆಗೆ ಸಾಗಿಸಿ, ಕೊಳೆತುದನ್ನು ತೆಗೆದು, ಕೂಳೆಯನ್ನು ಆಳವಾಗಿ ಉತ್ತು ಮಣ್ಣಿನಲ್ಲಿ ಮುಚ್ಚಬೇಕು. ಆ ಹೊಲದಲ್ಲಿ ಅಂಗಮಾರಿ ಅಥವಾ ಕೇದಿಗೆ ಕಂಡಿದ್ದರೆ ಮುಂದಿನ ಹಂಗಾಮಿಗೆ ಕಡಲೆ, ಸೂರ್ಯಕಾಂತಿ, ಶೇಂಗಾ ಇವುಗಳಲ್ಲೊಂದನ್ನು; ಸ್ಟ್ರೈಗಾ ಕಂಡಿದ್ದರೆ ಹತ್ತಿ ಇಲ್ಲವೆ ಅಲಸಂದಿಯನ್ನು; ಕಾಂಡಕೊಳೆ ಕಂಡಿದ್ದರೆ ನೀರಿನ ಸರದಿಗೆ ಹೊಂದುವ ಬೇರೊಂದು ಬಿತ್ತನೆಯ ದಿನವನ್ನು ಆರಿಸಿಕೊಳ್ಳಿರಿ. ಪ್ರತಿ ಹೊಲಕ್ಕೊಂದು ಪುಟವನ್ನು ಮೀಸಲಿಟ್ಟು, ಬಿತ್ತಿದ ತಳಿ, ತೇದಿ, ನೀರು ಕೊಟ್ಟ ದಿನಗಳು, ಮೊದಲ ಮಚ್ಚೆ ಕಂಡ ದಿನ ಇವಿಷ್ಟನ್ನು ಬರೆದಿಡುವ ಮನೆಯಲ್ಲಿ, ಎರಡು ಮೂರು ವರ್ಷಗಳೊಳಗೆ, ಯಾವ ಪೇಟೆಯಲ್ಲಿಯೂ ಕೊಳ್ಳಲಾಗದ ಕೃಷಿಜ್ಞಾನವು ಸಂಗ್ರಹವಾಗುತ್ತದೆ. ಸಸ್ಯರೋಗ ತಜ್ಞರ ಬಳಿಗೆ ಸಲಹೆಗಾಗಿ ಹೋಗುವಾಗಲೂ ಒಣಗಿದ ಎಲೆಯೊಂದನ್ನು ಮಾತ್ರವಲ್ಲದೆ ಆ ಪುಟವನ್ನೂ ಕೊಂಡೊಯ್ದರೆ, ದೊರೆಯುವ ಸಲಹೆಯು ಖಂಡಿತವಾಗಿಯೂ ಹೆಚ್ಚು ನಿಖರವಾಗಿರುತ್ತದೆ.